ಬಯಾಪ್ಸಿ ರಿಪೋರ್ಟು ಯಾರ ಕೈಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಂಗಳೂರಿನ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ 34 ವರ್ಷ ಟೆಕ್ನಿಷಿಯನ್ ಆಗಿದ್ದೆ. ಡಬ್ಬಿಯಲ್ಲಿ ಬರುವ ಮಾಂಸದ ಚೂರನ್ನು ಡಾಕ್ಟರು ಮೈಕ್ರೊಸ್ಕೋಪಿನಲ್ಲಿ ನೋಡಲು ಬರುವಂತೆ ಗಾಜಿನ ಸ್ಲೈಡ್ ಮಾಡಿಕೊಡುವುದು ನನ್ನ ಕೆಲಸ. 2016ರಲ್ಲಿ, ನನಗೆ 55 ವರ್ಷವಾಗಿದ್ದಾಗ, ಸ್ನಾನ ಮಾಡುವ ಹೊತ್ತಿನಲ್ಲಿ ಎಡ ಸ್ತನದಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲವೂ ಆಯಿತು. ಕಳೆದ ತಿಂಗಳು ಸಂಪಾದಕರು ‘ಕ್ಯಾನ್ಸರ್ ಬಗ್ಗೆ ಕೇಳಿ’ ಎಂದು ಪ್ರಕಟಿಸಿದ ನಾಲ್ಕು ಸಾಲಿಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ತೆಗೆದು ಬಡಾವಣೆ ಮಾತ್ರ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಯಾವ ಔಷಧಿ, ಎಷ್ಟು ಡೋಸು ಎಂದು ಕೇಳಿದವರಿಗೆ ನಿಮ್ಮನ್ನು ಮುಟ್ಟಿ ನೋಡಿದ ಡಾಕ್ಟರೇ ಉತ್ತರ ಕೊಡಬೇಕು.

ಅಮ್ಮನ ಸ್ತನದ ಗಂಟಿನಿಂದ ಸೋಮವಾರ ಚೂರು ತೆಗೆದರು. ಮುಂದಿನ ವಾರ ಬನ್ನಿ ಅಂದರು. ರಕ್ತದ ರಿಪೋರ್ಟು ಸಂಜೆಗೇ ಸಿಗುತ್ತದೆ, ಇದಕ್ಕೆ ಎಂಟು ದಿನ ಯಾಕೆ? ಗಂಟಿಗೆ ಸೂಜಿ ಹಾಕಿಸಿದರೆ ಮೈಯೆಲ್ಲ ಹರಡುತ್ತದೆ ಅಂತ ಚಿಕ್ಕಮ್ಮ ಬೇರೆ ಹೆದರಿಸಿದ್ದಾರೆ. (ಶ್ರೀನಗರ)

ನಿಮ್ಮ ಪತ್ರ ಓದುವಾಗ ನಮ್ಮ ಲ್ಯಾಬಿನ ರಿಪೋರ್ಟ್ ಕಿಟಕಿ ಕಣ್ಣಮುಂದೆ ಬಂತು. ‘ಬಂತಾ ಮೇಡಂ?’ ಎಂದು ದಿನಾ ಕೇಳಿಹೋಗುತ್ತಿದ್ದವರಿಗೆ ‘ಇನ್ನೂ ಇಲ್ಲ, ನಾಳೆ ನೋಡಿ’ ಅನ್ನುವುದು ಬಿಟ್ಟು ಬೇರೆ ಮಾತು ನಾನು ಆಡುತ್ತಿರಲಿಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ಹೇಳಿದ್ದರೆ ಅವರಿಗೆ ಆ ರಾತ್ರಿ ಒಂದಿಷ್ಟು ನಿದ್ದೆಯಾದರೂ ಬರುತ್ತಿತ್ತು. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ಅಮ್ಮನ ಚೂರು ಈಗ ಫಾರ್ಮಲಿನ್ ದ್ರವದಲ್ಲಿದೆ. ಮಾಂಸ ಕೊಳೆಯದಂತೆ, ಜೀವಕೋಶಗಳು ಇದ್ದ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುವಂತೆ ಅದು ಮಾಡುತ್ತದೆ. ಸ್ತನದ ಚೂರಾದರೆ ಕಡಿಮೆ ಎಂದರೆ 6 ಗಂಟೆ ಅದರಲ್ಲಿ ನೆನೆಯಬೇಕು, 72 ಗಂಟೆ ಮೀರಬಾರದು. ಅವಸರ ಮಾಡಿ ಬೇಗ ತೆಗೆದರೆ ಮುಂದೆ ಮಾಡುವ ಹಾರ್ಮೋನ್ ಪರೀಕ್ಷೆಯೇ ತಪ್ಪಾಗಬಹುದು. ಆಮೇಲೆ ಯಂತ್ರದಲ್ಲಿ ರಾತ್ರಿಯಿಡೀ ಆಲ್ಕೊಹಾಲು, ಕ್ಸೈಲೀನ್, ಕರಗಿದ ಮೇಣ ಹೀಗೆ ಒಂದರಿಂದ ಒಂದಕ್ಕೆ ದಾಟಬೇಕು. ಮಾಂಸದೊಳಗಿನ ನೀರೆಲ್ಲ ಹೋಗಿ ಆ ಜಾಗದಲ್ಲಿ ಮೇಣ ಕೂರುತ್ತದೆ. ಬೆಳಿಗ್ಗೆ ಬಂದು ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ತಣ್ಣಗೆ ಮಾಡಿದರೆ ಬ್ಲಾಕ್ ಆಗುತ್ತದೆ. ಆ ಬ್ಲಾಕನ್ನು ಮೈಕ್ರೊಟೋಮ್ ಎಂಬ ಕೈಯಂತ್ರದಲ್ಲಿ 3–4 ಮೈಕ್ರಾನ್ ತೆಳುವಿಗೆ ಹೆರೆಯಬೇಕು. ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಹೆರೆದ ಪಟ್ಟಿಯನ್ನು ಬೆಚ್ಚನೆ ನೀರಿನ ಮೇಲೆ ಬಿಟ್ಟರೆ ಸುಕ್ಕೆಲ್ಲ ಬಿಡಿಸಿಕೊಂಡು ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತದೆ. ಆಗ ಉಸಿರು ಬಿಗಿಹಿಡಿದು ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಆಮೇಲೆ ಎರಡು ಬಣ್ಣ. ನೀಲಿ ಬಣ್ಣದ ಹಿಮಟಾಕ್ಸಿಲಿನ್ ಒಂದು ಮರದ ತಿರುಳಿನಿಂದ ಬರುತ್ತದೆ, ಅದು ಜೀವಕೋಶದ ನಡುಬೀಜಕ್ಕೆ ಹಿಡಿಯುತ್ತದೆ. ಉಳಿದ ಭಾಗಕ್ಕೆ ಗುಲಾಬಿ ಬಣ್ಣದ ಇಯೋಸಿನ್.

ಇಷ್ಟಾದರೆ ಡಾಕ್ಟರಿಗೆ ನೋಡಲು ಒಂದು ಸ್ಲೈಡ್ ಸಿಕ್ಕಿತು ಅಷ್ಟೇ. ಅವರಿಗೆ ಅನುಮಾನ ಬಂದರೆ ಅದೇ ಬ್ಲಾಕಿನಿಂದ ಇನ್ನಷ್ಟು ಪದರ ಕೇಳುತ್ತಾರೆ. ಕ್ಯಾನ್ಸರ್ ಎಂದು ಖಚಿತವಾದರೆ ಅದು ಯಾವ ಜಾತಿಯದು ಎಂದು ತಿಳಿಯಲು ಐಎಚ್‌ಸಿ ಎಂಬ ಪರೀಕ್ಷೆ ಹಚ್ಚುತ್ತಾರೆ, ಅದಕ್ಕೆ ಇನ್ನೂ ಒಂದೆರಡು ದಿನ ಹಿಡಿಯುತ್ತದೆ. ಮೂಳೆಯ ಚೂರಾದರೆ ಮೊದಲು ಅದರ ಸುಣ್ಣ ಕರಗಬೇಕು, ಅದಕ್ಕೇ ಕೆಲವು ದಿನ ಬೇಕು. ಎಂಟು ದಿನ ಎಂದದ್ದು ಅಸಡ್ಡೆಯಿಂದಲ್ಲ, ತಾಯಿ.

ಇನ್ನು ಹರಡುವ ಮಾತು. ಕೈಗೆ ಸಿಗುವಷ್ಟು ದೊಡ್ಡದಾಗಲು ಸ್ತನದ ಗಂಟು ಸಾಮಾನ್ಯವಾಗಿ ವರ್ಷಗಳನ್ನೇ ತೆಗೆದುಕೊಂಡಿರುತ್ತದೆ. ಈ ಎಂಟು ದಿನದಲ್ಲಿ ಚಿತ್ರ ಬದಲಾಗುವುದಿಲ್ಲ. ಸೂಜಿ ಚುಚ್ಚಿದ್ದರಿಂದ ಸ್ತನದ ಕ್ಯಾನ್ಸರು ಮೈಗೆಲ್ಲ ಹರಡುತ್ತದೆ ಎಂಬುದು ಸುಳ್ಳು ಭಯ. ಆ ಭಯ ಹುಟ್ಟಿದ್ದು ಹೇಗೆಂದು ನನಗೆ ಗೊತ್ತು. ಆಗಲೇ ಹರಡಿದ್ದವರಿಗೆ ಬಯಾಪ್ಸಿ ಆದಮೇಲೆ ಅದು ತಿಳಿಯುತ್ತದೆ, ಮನೆಯವರು ಸೂಜಿಯನ್ನು ದೂರುತ್ತಾರೆ. ಎಂಟು ದಿನ ಕಾದರೆ ಏನೂ ಆಗುವುದಿಲ್ಲ. ಚಿಕ್ಕಮ್ಮನ ಮಾತು ಕೇಳಿ ಎಂಟು ತಿಂಗಳು ಸುಮ್ಮನಿದ್ದುಬಿಟ್ಟರೆ ಮಾತ್ರ ಆಗುತ್ತದೆ.

ಒಂದು ಕಿವಿಮಾತು. ಆ ಮೇಣದ ಬ್ಲಾಕು, ಸ್ಲೈಡುಗಳನ್ನು ಲ್ಯಾಬಿನವರು ಎಸೆಯುವುದಿಲ್ಲ. ಬೇರೆ ಡಾಕ್ಟರ ಅಭಿಪ್ರಾಯ ಬೇಕೆನಿಸಿದರೆ ಬರೆದುಕೊಟ್ಟು ಪಡೆಯಬಹುದು. ಅಮ್ಮನಿಗೆ ಇನ್ನೊಮ್ಮೆ ಸೂಜಿ ಹಾಕಿಸಬೇಕಾಗಿಲ್ಲ. ಲ್ಯಾಬ್ ನಂಬರ್ ಬರೆದ ಚೀಟಿಯನ್ನು ಜೋಪಾನವಾಗಿಡಿ.

ನನ್ನ ರಿಪೋರ್ಟಿನಲ್ಲಿ ಗ್ರೇಡ್ 3 ಎಂದಿದೆ. ಗೂಗಲ್‌ನಲ್ಲಿ ಮೂರನೇ ಸ್ಟೇಜ್ ಎಂದರೆ ಏನೆಂದು ಓದಿ ಎರಡು ದಿನ ಊಟ ಮಾಡಲಿಲ್ಲ. ಡಾಕ್ಟರು ‘ಎರಡನೇ ಸ್ಟೇಜು, ವಾಸಿ ಮಾಡೋಣ’ ಅನ್ನುತ್ತಾರೆ. ಯಾರನ್ನು ನಂಬಲಿ? ಇಆರ್, ಪಿಆರ್, ಹರ್2 ಅಂದರೇನು? (ರಾಜಾಜಿನಗರ, 2ನೇ ಬ್ಲಾಕ್)

ಮೊದಲು ಊಟ ಮಾಡಿ, ತಂಗಿ. ಡಾಕ್ಟರು ಹೇಳಿದ್ದೂ ಸರಿ, ರಿಪೋರ್ಟಿನಲ್ಲಿ ಬರೆದದ್ದೂ ಸರಿ. ಅವು ಬೇರೆ ಬೇರೆ ಎರಡು ಲೆಕ್ಕ.

ಗ್ರೇಡ್ ಎಂದರೆ ಆ ಜೀವಕೋಶಗಳ ಸ್ವಭಾವ. ಸ್ತನದ ಕ್ಯಾನ್ಸರಿನಲ್ಲಿ ಮೂರು ಸಂಗತಿ ನೋಡುತ್ತಾರೆ: ಕೋಶಗಳು ಇನ್ನೂ ಕೊಳವೆಯ ಆಕಾರ ಕಟ್ಟುತ್ತಿವೆಯೇ, ನಡುಬೀಜ ಎಷ್ಟು ಅಂಕುಡೊಂಕಾಗಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6–7 ಆದರೆ ಗ್ರೇಡ್ 2, 8–9 ಆದರೆ ಗ್ರೇಡ್ 3. ಗ್ರೇಡ್ 3 ಎಂದರೆ ಚುರುಕಾಗಿ ಬೆಳೆಯುವ ಜಾತಿ. ಚುರುಕಾಗಿ ಒಡೆಯುವ ಕೋಶಗಳ ಮೇಲೆ ಕೀಮೋ ಕೂಡ ಹೆಚ್ಚಾಗಿಯೇ ನಾಟುತ್ತದೆ ಎಂಬುದನ್ನೂ ನೆನಪಿಡಿ.

ಸ್ಟೇಜ್ ಎಂದರೆ ಅದು ಎಲ್ಲಿಯವರೆಗೆ ಹೋಗಿದೆ ಎಂಬ ಲೆಕ್ಕ. ಗಂಟಿನ ಅಳತೆ (2 ಸೆಂ.ಮೀ. ಒಳಗಾದರೆ ಟಿ1, 2ರಿಂದ 5 ಆದರೆ ಟಿ2, ಅದಕ್ಕೂ ದೊಡ್ಡದಾದರೆ ಟಿ3), ಕಂಕುಳಿನ ಗ್ರಂಥಿಗೆ ಹೋಗಿದೆಯೇ, ಮೂಳೆ, ಶ್ವಾಸಕೋಶ, ಯಕೃತ್ತಿನಂಥ ದೂರದ ಜಾಗಕ್ಕೆ ಹೋಗಿದೆಯೇ ಎಂಬ ಮೂರನ್ನು ಸೇರಿಸಿ ಹೇಳುತ್ತಾರೆ. ಸಣ್ಣ ಗಂಟಿಗೂ ಗ್ರೇಡ್ 3 ಬರಬಹುದು, ದೊಡ್ಡ ಗಂಟಿಗೂ ಗ್ರೇಡ್ 1 ಬರಬಹುದು.

ನೀವು ಕೇಳಿದ ಕೊನೆಯ ಮೂರು ಪದಗಳೇ ಆ ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದವು. ಇಆರ್, ಪಿಆರ್ ಎಂದರೆ ಹೆಣ್ಣಿನ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಕೊಂಡಿಗಳು. ಅವು ಪಾಸಿಟಿವ್ ಇದ್ದರೆ ಆ ಕ್ಯಾನ್ಸರು ಹಾರ್ಮೋನು ಉಂಡು ಬೆಳೆಯುತ್ತಿದೆ ಎಂದರ್ಥ. ಅದಕ್ಕೆ ತಡೆಹಾಕುವ ಮಾತ್ರೆ ಇದೆ: ಟಮಾಕ್ಸಿಫೆನ್, ಮುಟ್ಟು ನಿಂತವರಿಗೆ ಹೆಚ್ಚಾಗಿ ಲೆಟ್ರೊಜೋಲ್‌ನಂಥದ್ದು. ದಿನಕ್ಕೊಂದು, 5 ವರ್ಷ, ಕೆಲವರಿಗೆ 10 ವರ್ಷ. ಇಲ್ಲಿ ‘ಪಾಸಿಟಿವ್’ ಎಂಬುದು ಕೆಟ್ಟ ಸುದ್ದಿಯಲ್ಲ, ಚಿಕಿತ್ಸೆಗೆ ಇನ್ನೊಂದು ದಾರಿ ಸಿಕ್ಕಿತು ಎಂದು. ಹರ್2 ಎಂದರೆ ಕೋಶಕ್ಕೆ ‘ಬೆಳೆ’ ಎಂದು ಸೂಚನೆ ಕೊಡುವ ಒಂದು ಪ್ರೋಟೀನು. ಅದಕ್ಕೆ 0, 1+, 2+, 3+ ಎಂದು ಅಂಕ ಕೊಡುತ್ತಾರೆ. 3+ ಆದರೆ ಪಾಸಿಟಿವ್. 2+ ಆದರೆ ಇತ್ತಲೂ ಅಲ್ಲ ಅತ್ತಲೂ ಅಲ್ಲ, ಫಿಶ್ ಎಂಬ ಮತ್ತೊಂದು ಪರೀಕ್ಷೆ ಬೇಕು. ನನಗೆ ಬಂದದ್ದು 2+. ಮತ್ತೆ ಕಾದೆ. ಫಿಶ್‌ನಲ್ಲಿ ಪಾಸಿಟಿವ್ ಎಂದು ಬಂತು. ಆ ಒಂದು ಹಾಳೆಯಿಂದಾಗಿ ನನಗೆ ಹರ್2ಗೆ ತಡೆಹಾಕುವ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್ ಸಿಕ್ಕಿತು, ಮೂರು ವಾರಕ್ಕೊಮ್ಮೆ, ಒಂದು ವರ್ಷ. ಹೃದಯಕ್ಕೆ ತೊಂದರೆಯಾಗಿಲ್ಲವೇ ಎಂದು ಮೂರು ತಿಂಗಳಿಗೊಮ್ಮೆ ಎಕೋ ಮಾಡುತ್ತಿದ್ದರು. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಆ ಔಷಧಿ ಬಹಳ ಕಾಲ ನಮ್ಮಂಥವರ ಕೈಗೆಟುಕುತ್ತಿರಲಿಲ್ಲ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧಿಯನ್ನು ಕಡಿಮೆ ಬೆಲೆಗೆ ಮಾರಾಟಕ್ಕೆ ತಂದಿತು.

ನಿಮ್ಮ ರಿಪೋರ್ಟಿನಲ್ಲಿ ಹರ್2 ಎದುರು 2+ ಇದ್ದು ಫಿಶ್ ಮಾಡಿಸಿರದಿದ್ದರೆ, ‘ಫಿಶ್ ಬೇಡವೇ ಡಾಕ್ಟ್ರೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ. ಮೂರು ಪದಗಳೂ ನೆಗೆಟಿವ್ ಇದ್ದರೂ ಎದೆಗುಂದಬೇಡಿ. ಹಾರ್ಮೋನ್ ಮಾತ್ರೆ ಉಪಯೋಗಕ್ಕೆ ಬರುವುದಿಲ್ಲ, ಕೀಮೋ ಚೆನ್ನಾಗಿ ಕೆಲಸ ಮಾಡುತ್ತದೆ.

ಅಪ್ಪನಿಗೆ 71. ಹೊಟ್ಟೆಯ ಕ್ಯಾನ್ಸರ್ ಎಂದು ಮೊನ್ನೆ ಗೊತ್ತಾಯಿತು. ಅವರಿಗೆ ‘ಅಲ್ಸರ್’ ಎಂದು ಹೇಳಿದ್ದೇವೆ. ಅಪ್ಪನಿಗೆ ಹೇಳಬೇಡಿ ಎಂದು ಡಾಕ್ಟರಿಗೂ ಕೈಮುಗಿದಿದ್ದೇವೆ. ಧೈರ್ಯಗೆಟ್ಟುಬಿಡುತ್ತಾರೆ ಎಂಬ ಭಯ. ಮಾಡಿದ್ದು ಸರಿಯೇ? (ಯಲಹಂಕ ಉಪನಗರ)

ಸರಿಯಲ್ಲ ಎಂದು ಹೇಳುವ ಮೊದಲು ನಿಮ್ಮ ಕಷ್ಟ ಅರ್ಥವಾಗುತ್ತದೆ ಎನ್ನುತ್ತೇನೆ. ಅಪ್ಪನ ಮೇಲೆ ಪ್ರೀತಿ ಇಲ್ಲದವರು ಮುಚ್ಚಿಡುವುದಿಲ್ಲ.

ನನ್ನ ಕತೆ ಕೇಳಿ. ನನ್ನ ಬಯಾಪ್ಸಿ ಆದದ್ದು ನಾನು ಕೆಲಸ ಮಾಡುತ್ತಿದ್ದ ಕಡೆ ಅಲ್ಲ, ಮನೆಗೆ ಹತ್ತಿರದ ಇನ್ನೊಂದು ಕಡೆ. ರಿಪೋರ್ಟಿಗೆ ಹೋದ ದಿನ ಕೌಂಟರಿನಲ್ಲಿದ್ದವರು ಕವರನ್ನು ಕೈಯಲ್ಲಿ ಹಿಡಿದುಕೊಂಡೇ, ‘ಮನೆಯ ಗಂಡಸರು ಯಾರಾದರೂ ಬಂದಿದ್ದಾರಾ?’ ಎಂದು ಕೇಳಿದರು. ಅಷ್ಟರಲ್ಲೇ ನನಗೆ ತಿಳಿಯಿತು. ಸಾವಿರಾರು ಜನರ ಬ್ಲಾಕ್ ಹೆರೆದ ಕೈ ನನ್ನದು, ನನ್ನ ರಿಪೋರ್ಟು ನನ್ನ ಕೈಗೆ ಬರಲಿಲ್ಲ. ಕೆಳಗೆ ಸ್ಕೂಟರಿನ ಹತ್ತಿರ ನಿಂತಿದ್ದ ತಮ್ಮನನ್ನು ಕರೆಸಿದರು. ಅವನು ಒಳಗೆ ಹೋಗಿಬಂದು, ‘ಏನಿಲ್ಲ ಅಕ್ಕ, ಸಣ್ಣ ಗಂಟಂತೆ’ ಎಂದ. ಹೇಳುವಾಗ ಅವನ ತುಟಿ ನಡುಗುತ್ತಿತ್ತು. ಕೆಂಪೇಗೌಡನಗರದಿಂದ ಮನೆಯವರೆಗೆ ಅವನು ಸುಳ್ಳು ಹೇಳುತ್ತಾ, ನಾನು ನಂಬಿದವಳ ಹಾಗೆ ಕೂತು, ಹಿಂದೆ ಮುಂದೆ ಕುಳಿತು ಬಂದೆವು. ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರು ಆ ಅರ್ಧ ಗಂಟೆಯಲ್ಲಿ ಒಬ್ಬರಿಗೊಬ್ಬರು ಸಿಗದಂತೆ ದೂರವಾಗಿಬಿಟ್ಟಿದ್ದೆವು. ರೋಗಕ್ಕಿಂತ ಆ ದಾರಿ ನನಗೆ ಭಾರವಾಗಿತ್ತು. ರಾತ್ರಿ ನಾನೇ ಅವನ ಚೀಲದಿಂದ ಕವರು ತೆಗೆದು ಓದಿದೆ. ಮಾರನೇ ದಿನ ಸ್ಲೈಡುಗಳನ್ನು ನಮ್ಮ ಲ್ಯಾಬಿಗೆ ತಂದು ನಮ್ಮ ಡಾಕ್ಟರಿಗೆ ತೋರಿಸಿದೆ. ಆವತ್ತು ತಮ್ಮ ಅತ್ತ. ನಾನೂ ಅತ್ತೆ. ಆಮೇಲೆ ಇಬ್ಬರೂ ಕೂತು ಊಟ ಮಾಡಿದೆವು.

ನಿಮ್ಮ ತಂದೆಯವರು ನಾಳೆ ಕೀಮೋ ವಾರ್ಡಿಗೆ ಹೋಗುತ್ತಾರೆ. ಬೋರ್ಡು ಓದುತ್ತಾರೆ. ಪಕ್ಕದ ಮಂಚದವರು ‘ನಿಮಗೆ ಎಲ್ಲಿ ಸಾರ್?’ ಎಂದು ಕೇಳುತ್ತಾರೆ. ಹೊರಗಿನವರ ಬಾಯಿಂದ ತಿಳಿದಾಗ ಅವರಿಗೆ ರೋಗದ ನೋವಿನ ಜೊತೆಗೆ ಮಕ್ಕಳು ನನ್ನನ್ನು ನಂಬಲಿಲ್ಲ ಎಂಬ ನೋವೂ ಸೇರುತ್ತದೆ. ಅಲ್ಸರಿಗೆ ಇಷ್ಟೊಂದು ಔಷಧಿ ಯಾಕೆ ಎಂದು ಅವರು ನಡುವೆ ಬಿಟ್ಟುಬಿಟ್ಟರೆ ಏನು ಮಾಡುತ್ತೀರಿ? ಆಪರೇಷನ್ನಿಗೆ ಒಪ್ಪಿ ಸಹಿ ಹಾಕಬೇಕಾದವರೂ ಅವರೇ.

ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. ‘ಅಪ್ಪಾ, ರಿಪೋರ್ಟು ಬಂದಿದೆ. ನಿನಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ?’ ಎಂದು ಕೇಳಿ. ಕೆಲವರು ಎಲ್ಲ ಹೇಳು ಅನ್ನುತ್ತಾರೆ. ಕೆಲವರು ‘ನೀವು ನೋಡ್ಕೊಳ್ಳಿ’ ಅನ್ನುತ್ತಾರೆ. ಎರಡನೆಯದು ಅವರೇ ಆರಿಸಿಕೊಂಡ ಮೌನ, ನೀವು ಹೇರಿದ್ದಲ್ಲ. ಡಾಕ್ಟರ ಎದುರಿಗೇ ಹೇಳಿಸಿದರೆ ಇನ್ನೂ ಒಳ್ಳೆಯದು. ಹೋಗುವ ಮುಂಚೆ ಅಮ್ಮನನ್ನೂ ಕೂರಿಸಿಕೊಂಡು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅಲ್ಲಿ ಹೋದಮೇಲೆ ಬಾಯಿ ಕಟ್ಟಿಹೋಗುತ್ತದೆ.

ಮುಂದಿನ ಬುಧವಾರ ಮೊದಲನೇ ಕೀಮೋ. ಕೆಂಪು ಔಷಧಿ ಅಂತೆ. ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಲಿ? (ಹೆಸರಘಟ್ಟ ರಸ್ತೆ)

ಮೊದಲು ಒಂದು ಥರ್ಮಾಮೀಟರ್ ತನ್ನಿ. ಬೇರೆಲ್ಲ ಆಮೇಲೆ.

ಕೀಮೋ ಬೇಗಬೇಗ ಒಡೆಯುವ ಕೋಶಗಳನ್ನು ಹುಡುಕಿ ಹೊಡೆಯುತ್ತದೆ. ಕ್ಯಾನ್ಸರಿನ ಜೊತೆಗೆ ಕೂದಲ ಬೇರು, ಬಾಯಿಯ ಒಳಪೊರೆ, ಮೂಳೆಯೊಳಗಿನ ರಕ್ತ ತಯಾರಾಗುವ ಮಜ್ಜೆ ಇವೂ ಏಟು ತಿನ್ನುತ್ತವೆ. ಕೀಮೋ ಆಗಿ 7ರಿಂದ 14 ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ 100.4 ಡಿಗ್ರಿ ದಾಟಿದ ಜ್ವರ ಬಂದರೆ ಅದು ಸಾಮಾನ್ಯ ಜ್ವರವಲ್ಲ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ‘ಡೋಲೋ ತಗೊಂಡು ಬೆಳಿಗ್ಗೆ ನೋಡೋಣ’ ಎನ್ನಬೇಡಿ. ಮಾತ್ರೆ ಜ್ವರವನ್ನು ಇಳಿಸಿ ತೋರಿಸುತ್ತದೆ, ಸೋಂಕು ಒಳಗೇ ಬೆಳೆಯುತ್ತಿರುತ್ತದೆ. ನಿಮ್ಮ ಕೀಮೋ ಹೆಸರು, ತಾರೀಕು ಬರೆದ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಳ್ಳಿ, ಎಮರ್ಜೆನ್ಸಿಯಲ್ಲಿ ಹೊಸ ಡಾಕ್ಟರು ಕೂತಿರುತ್ತಾರೆ.

ಕೆಂಪು ಔಷಧಿ ಎಂದರೆ ಬಹುಶಃ ಡಾಕ್ಸೊರುಬಿಸಿನ್. ಒಂದೆರಡು ದಿನ ಮೂತ್ರ ಕೆಂಪಗೆ ಹೋದರೆ ಹೆದರಬೇಡಿ, ಅದು ರಕ್ತವಲ್ಲ. ಡ್ರಿಪ್ ಹೋಗುವಾಗ ಸೂಜಿಯ ಹತ್ತಿರ ಉರಿ ಬಂದರೆ ಮಾತ್ರ ತಕ್ಷಣ ಸಿಸ್ಟರನ್ನು ಕೂಗಿ. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಡುತ್ತದೆ. ಸಂಕೋಚಪಟ್ಟುಕೊಂಡು ಸುಮ್ಮನೆ ಕೂರುವ ಜಾಗವಲ್ಲ ಅದು.

ಈ ಔಷಧಿಗೆ ಕೂದಲು ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ನನ್ನದು ಹದಿನೇಳನೇ ದಿನ, ದಿಂಬಿನ ಮೇಲೆ ಹಿಡಿಹಿಡಿಯಾಗಿ. ಅವತ್ತೇ ಗಾಂಧಿಬಜಾರಿನ ಹತ್ತಿರದ ಕ್ಷೌರದವರನ್ನು ಮನೆಗೆ ಕರೆಸಿ ಪೂರ್ತಿ ತೆಗೆಸಿದೆ. ಅವರು ದುಡ್ಡು ಮುಟ್ಟಲಿಲ್ಲ. ಕೂದಲು ಮತ್ತೆ ಬಂತು, ಮೊದಲು ಗುಂಗುರಾಗಿ ಬಂತು.

ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ, ವಾಂತಿ ಬರುವ ಮುಂಚೆಯೇ ನುಂಗಬೇಕು. ಊಟ ಬಿಸಿಯಾಗಿ, ಆಗಷ್ಟೇ ಮಾಡಿದ್ದಾಗಿರಲಿ. ನನಗೆ ಹಿಡಿಸಿದ್ದು ರಾಗಿ ಗಂಜಿ, ಹೆಸರುಬೇಳೆ ತೊವ್ವೆ, ಇಡ್ಲಿ. ಸಾರಿನ ಒಗ್ಗರಣೆ ವಾಸನೆಯೇ ಆಗುತ್ತಿರಲಿಲ್ಲ. ಸಿಪ್ಪೆ ಸುಲಿಯಬಹುದಾದ ಹಣ್ಣು ತಿನ್ನಿ, ಹೊರಗಿನ ಚಾಟು, ಕತ್ತರಿಸಿಟ್ಟ ಹಣ್ಣು ಬೇಡ. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಕೊಟ್ಟರೆ ಬೆರಳ ತುದಿ ಜೋಮು ಹಿಡಿಯಬಹುದು. ನನಗೆ ವಾರಕ್ಕೊಂದರಂತೆ ಹನ್ನೆರಡು ಕೊಟ್ಟರು. ನಾಲ್ಕು ಮೈಕ್ರಾನಿನ ಪದರ ಎತ್ತುತ್ತಿದ್ದ ಬೆರಳುಗಳಿಗೆ ರವಿಕೆಯ ಹುಕ್ಕು ಸಿಗುತ್ತಿರಲಿಲ್ಲ. ಜೋಮು ಶುರುವಾದ ವಾರವೇ ಡಾಕ್ಟರಿಗೆ ಹೇಳಬೇಕಿತ್ತು. ನಾನು ಮೂರು ವಾರ ಹೇಳಲಿಲ್ಲ. ನೀವು ಹೇಳಿ.

ಅಮ್ಮನಿಗೆ ರೇಡಿಯೇಷನ್ ನಡೆಯುತ್ತಿದೆ. ನನ್ನ ಮಗುವಿಗೆ ಹತ್ತು ತಿಂಗಳು. ಎತ್ತಿಕೊಳ್ಳಬಹುದೇ? (ಬನಶಂಕರಿ 3ನೇ ಹಂತ)

ಧಾರಾಳವಾಗಿ. ಹೊರಗಿನಿಂದ ಯಂತ್ರದಲ್ಲಿ ಕೊಡುವ ರೇಡಿಯೇಷನ್ ಯಂತ್ರ ನಿಂತ ಕೂಡಲೇ ನಿಂತಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಪೆಟ್ ಸ್ಕ್ಯಾನಿಗೆ ಸ್ವಲ್ಪ ವಿಕಿರಣದ ಔಷಧಿ ಚುಚ್ಚುತ್ತಾರೆ, ಅದು ಆದ ದಿನ ಮಾತ್ರ ಕೆಲವು ಗಂಟೆ ಮಗುವಿನಿಂದ, ಗರ್ಭಿಣಿಯರಿಂದ ದೂರವಿರಲಿ. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ವಿಕಿರಣದ ಅಯೋಡಿನ್ ಚಿಕಿತ್ಸೆಯದು ಬೇರೆ, ಅದರಲ್ಲಿ ಕೆಲವು ದಿನ ಬೇರೆ ಇರಬೇಕಾಗುತ್ತದೆ. ಅಮ್ಮನ ಮೈಮೇಲೆ ಹಾಕಿದ ಗುರುತನ್ನು ಉಜ್ಜಬೇಡಿ, ಆ ಜಾಗಕ್ಕೆ ಪೌಡರು ಬೇಡ, ಮೆತ್ತನೆ ಹತ್ತಿಯ ರವಿಕೆ ಹಾಕಿಸಿ.

ನಮ್ಮ ಯಜಮಾನರಿಗೆ ಊಟದ ಮೇಲೆ ಎಲೆಅಡಿಕೆ ಅಭ್ಯಾಸ. ಹೊಗೆಸೊಪ್ಪು ಹಾಕುವುದಿಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಆಗಿದೆ, ಖಾರ ತಡೆಯುವುದಿಲ್ಲ. (ಕಾಮಾಕ್ಷಿಪಾಳ್ಯ)

ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೊಂದರಿಂದಲೇ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಒಪ್ಪಲು ಕಷ್ಟ, ನನ್ನ ತವರೂ ತೋಟದವರದೇ. ಆದರೆ ಆ ಸ್ಲೈಡುಗಳನ್ನು ನಾನು ನೋಡಿದ್ದೇನೆ. ಬಾಯಿ ಬಿಗಿದುಕೊಂಡಿದೆಯೇ ಎಂದು ತಿಳಿಯಲು ಬಾಯಲ್ಲಿ ಮೂರು ಬೆರಳು ನೆಟ್ಟಗೆ ಹೋಗುತ್ತವೆಯೇ ನೋಡಿ. ಹೋದರೂ ಹೋಗದಿದ್ದರೂ ಇದೇ ವಾರ ದಂತವೈದ್ಯರಿಗೆ ತೋರಿಸಿ. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ, ಈಗ ಹಿಡಿದರೆ ಅಲ್ಲಿಗೇ ನಿಲ್ಲಿಸಬಹುದು.

ನೆಂಟರೊಬ್ಬರು ಮಲೆನಾಡಿನಿಂದ ತೊಗಟೆಯ ಪುಡಿ ತಂದಿದ್ದಾರೆ. ಇನ್ನೊಬ್ಬರು ಲಕ್ಷ್ಮಣಫಲ ತಿನ್ನಿಸಿ ಅನ್ನುತ್ತಾರೆ. ಸಕ್ಕರೆ ಕ್ಯಾನ್ಸರಿಗೆ ಮೇವು ಅಂತ ಅಕ್ಕನಿಗೆ ಅನ್ನ, ಬೆಲ್ಲ, ಹಣ್ಣು ಎಲ್ಲ ಬಿಡಿಸಿದ್ದಾರೆ. ತಿಂಗಳಿಗೆ ಆರು ಕಿಲೋ ಇಳಿದಿದ್ದಾಳೆ. (ಮಾಗಡಿ ರಸ್ತೆ)

ಆ ಆರು ಕಿಲೋ ಇಳಿದದ್ದೇ ಈಗ ನಿಮ್ಮ ಅಕ್ಕನ ದೊಡ್ಡ ಶತ್ರು. ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಕೀಮೋ ಮುಂದೂಡುತ್ತಾರೆ, ಡೋಸು ಇಳಿಸುತ್ತಾರೆ. ಸಕ್ಕರೆಯ ಮಾತು ಹುಟ್ಟಿದ್ದು ಪೆಟ್ ಸ್ಕ್ಯಾನಿನಿಂದ ಇರಬೇಕು. ಅದರಲ್ಲಿ ಸ್ವಲ್ಪ ವಿಕಿರಣ ಬೆರೆಸಿದ ಗ್ಲೂಕೋಸ್ ಚುಚ್ಚುತ್ತಾರೆ, ಕ್ಯಾನ್ಸರ್ ಇರುವ ಜಾಗ ಅದನ್ನು ಹೆಚ್ಚು ಹೀರಿ ಹೊಳೆಯುತ್ತದೆ. ಆದರೆ ಮಿದುಳು, ಹೃದಯ ಕೂಡ ಗ್ಲೂಕೋಸ್ ಹೀರುತ್ತವೆ. ನೀವು ಅನ್ನ ಬಿಡಿಸಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಕ್ಯಾನ್ಸರು ಉಪವಾಸ ಬೀಳುವುದಿಲ್ಲ, ಅಕ್ಕ ಬೀಳುತ್ತಾಳೆ. ಶುಗರ್ ಕಾಯಿಲೆ ಇದ್ದರೆ ಮಾತ್ರ ಆ ಪಥ್ಯ ಬೇರೆ. ಇವತ್ತೇ ಅನ್ನ, ಬೇಳೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಬೇಯಿಸಿದ ಕಾಳು, ಹಣ್ಣು ಶುರುಮಾಡಿ.

ತೊಗಟೆ ತಂದುಕೊಟ್ಟ ನೆಂಟರನ್ನು ಬೈಯಬೇಡಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಸಾಲಿನಲ್ಲಿ ನಿಂತು ತಂದಿರುತ್ತಾರೆ. ಕೀಮೋ ನಡೆಯುವಾಗ ಆ ಪುಡಿ ಕೊಡಬೇಡಿ. ಕೀಮೋ ಔಷಧಿಗಳಲ್ಲಿ ಹಲವನ್ನು ಕರಗಿಸುವುದು ಯಕೃತ್ತು. ಅದೇ ಯಕೃತ್ತಿನ ಮೇಲೆ ಇನ್ನೊಂದು ಗೊತ್ತಿಲ್ಲದ ಹೊರೆ ಬಿದ್ದರೆ ತಾಳುವುದಿಲ್ಲ. ಆಗಲೇ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಬೈದರೆ ಬೈಸಿಕೊಳ್ಳಿ. ಲಕ್ಷ್ಮಣಫಲ ಕ್ಯಾನ್ಸರ್ ವಾಸಿ ಮಾಡುತ್ತದೆಂದು ಮನುಷ್ಯರಲ್ಲಿ ಯಾರೂ ತೋರಿಸಿಲ್ಲ. ಲ್ಯಾಬಿನಲ್ಲಿ ನನ್ನನ್ನು ಬಹಳ ಕಾಡಿದ್ದು ಎರಡನೇ ಸಲ ಬರುವ ಡಬ್ಬಿಗಳು. ಹಳೆಯ ರಿಜಿಸ್ಟರ್ ತೆಗೆದರೆ ಅದೇ ಹೆಸರು, ವರ್ಷದ ಹಿಂದೆ ಸಣ್ಣ ಗಂಟು. ನಡುವೆ ಎಲ್ಲಿದ್ದರು ಎಂದರೆ ಯಾವುದೋ ಪುಡಿ, ಯಾವುದೋ ಕಷಾಯ. ಆ ರಿಜಿಸ್ಟರ್ ಮುಚ್ಚುವಾಗ ಕೈ ಭಾರವಾಗುತ್ತಿತ್ತು.

ರಾಯಚೂರು ಜಿಲ್ಲೆಯವರು, ಸದ್ಯ ಸುಂಕದಕಟ್ಟೆಯಲ್ಲಿ ಅಣ್ಣನ ರೂಮಿನಲ್ಲಿದ್ದೇವೆ. ತಾಯಿಗೆ ಗರ್ಭಕೊರಳಿನ ಕ್ಯಾನ್ಸರ್. ಖಾಸಗಿಯವರು ಹೇಳುವ ದುಡ್ಡು ನಮ್ಮಿಂದಾಗದು.

ಮಾರಿಗೌಡ ರಸ್ತೆಯಲ್ಲಿ, ನಿಮ್ಹಾನ್ಸ್ ಹತ್ತಿರ, ಕಿದ್ವಾಯಿ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದದ್ದು, ಸರ್ಕಾರದ ಅಧೀನದ್ದು. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೂ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡು, ತಾಯಿಯ ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಇಲ್ಲಿಯವರೆಗಿನ ರಿಪೋರ್ಟುಗಳು ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿಕೊಂಡು ಬೆಳಿಗ್ಗೆ ಬೇಗ ಹೋಗಿ. ಒಳಗೆ ‘ಆರೋಗ್ಯಮಿತ್ರ’ರ ಮೇಜು ಎಲ್ಲಿ ಎಂದು ಮೊದಲು ಕೇಳಿ, ಕಾರ್ಡಿನ ಕೆಲಸ ಅವರದು. ಉಳಿಯಲು ಧರ್ಮಶಾಲೆ ಇದೆ, ಜಾಗ ಖಾಲಿ ಇದೆಯೇ ವಿಚಾರಿಸಿ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಉಂಟು, ಅದರ ಫಾರಂ ಆಸ್ಪತ್ರೆಯಲ್ಲೇ ಸಹಿ ಮಾಡಿಕೊಡುತ್ತಾರೆ. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರವಿದೆ. ಮುಂದಿನ ತಪಾಸಣೆಗಳನ್ನು ಅಲ್ಲಿಯೇ ಮಾಡಿಸಬಹುದೇ ಎಂದು ಕೇಳಿ, ನಿಮಗೆ ಅರ್ಧ ದಾರಿ ಉಳಿಯುತ್ತದೆ.

ಅತ್ತೆಯವರಿಗೆ ಇನ್ನು ಕೀಮೋ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದರು. ರಾತ್ರಿಯಿಡೀ ನರಳುತ್ತಾರೆ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾರೆ ಎಂದು ಮೈದುನ ಬೇಡ ಅನ್ನುತ್ತಿದ್ದಾನೆ. (ಕೃಷ್ಣರಾಜಪುರ)

ತಾಯಿ, ಕೀಮೋ ನಿಂತಿತು ಎಂದರೆ ಚಿಕಿತ್ಸೆ ನಿಂತಿತು ಎಂದಲ್ಲ. ನೋವು ಕಳೆಯುವುದೂ ಚಿಕಿತ್ಸೆಯೇ, ಅದಕ್ಕೇ ಓದಿದ ಡಾಕ್ಟರು, ಸಿಸ್ಟರುಗಳಿದ್ದಾರೆ. ನಿಮಗೆ ತೀರಾ ದೂರವಲ್ಲದ ಮಾರತ್ತಹಳ್ಳಿಯ ಕಡೆ, ಹಳೆ ಏರ್‌ಪೋರ್ಟ್–ವರ್ತೂರು ರಸ್ತೆಯಲ್ಲಿ, ಕರುಣಾಶ್ರಯ ಇದೆ. 1999ರಿಂದ ಇಂಥವರನ್ನೇ ನೋಡಿಕೊಳ್ಳುತ್ತಿದ್ದಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಮನೆಗೆ ಬಂದು ನೋಡುವ ತಂಡವೂ ಅವರಲ್ಲಿದೆ. ಅತ್ತೆಯವರ ಕಾಗದಗಳನ್ನು ತೆಗೆದುಕೊಂಡು ಯಾರಾದರೊಬ್ಬರು ನಾಳೆಯೇ ಹೋಗಿಬನ್ನಿ.

ಮೈದುನನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಲಿ. ಕ್ಯಾನ್ಸರಿನ ನೋವಿಗೆ ಡಾಕ್ಟರು ಅಳೆದು ಕೊಡುವ ಮಾರ್ಫಿನ್‌ನಿಂದ ಚಟ ಹತ್ತುವುದು ಅಪರೂಪ, ಆಯಸ್ಸೂ ಕಡಿಮೆಯಾಗುವುದಿಲ್ಲ. ನೋವು ಇಳಿದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಎರಡು ತುತ್ತು ಸೇರುತ್ತದೆ. ಮೊದಲು ಇದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಪರವಾನಗಿಯ ತೊಡಕು ಬಹಳವಿತ್ತು, 2014ರಲ್ಲಿ ಕಾನೂನು ತಿದ್ದಿ ಸಡಿಲ ಮಾಡಿದ್ದಾರೆ. ಮಾಮೂಲಿ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬರಲಿ ಆಮೇಲೆ ಕೊಡೋಣ ಎಂದು ಕಾಯಬಾರದು, ಗಡಿಯಾರ ನೋಡಿ ಕೊಡಬೇಕು. ರಾತ್ರಿಯ ಡೋಸು ಹೇಗೆ ಎಂದು ಕೇಳಿ ಬರೆಸಿಕೊಳ್ಳಿ. ಇದರಿಂದ ಮಲ ಕಟ್ಟುವುದು ಖಂಡಿತ, ಮಾರ್ಫಿನ್ ಶುರುವಾದ ದಿನವೇ ಅದಕ್ಕೂ ಔಷಧಿ ಬರೆಸಿಕೊಳ್ಳಿ. ಮೊದಲ ಒಂದೆರಡು ದಿನ ಮಂಪರು ಇರುತ್ತದೆ, ಆಮೇಲೆ ತಿಳಿಯಾಗುತ್ತಾರೆ. ಆಗ ಅವರು ಏನು ಕೇಳುತ್ತಾರೋ ಅದನ್ನು ಮಾಡಿಕೊಡಿ, ಕಾಫಿ ಕೇಳಿದರೆ ಕಾಫಿ, ಹೊರಗೆ ಕೂರಬೇಕೆಂದರೆ ಕುರ್ಚಿ.